ಹನ್ನೊಂದು ಗಂಟೆಯವಳು

ಗೋಡೆಯ ಆ ಕಡೆ ಫೋನು ಹಾಡಿಕೊಂಡಾಗ ಮಂಚಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದು ತನಗೇ ಗೊತ್ತಾಗಿಬಿಡುತ್ತಿತ್ತು. ಬೆರಳುಗಳು ತಮ್ಮ ಪಾಡಿಗೆ ತಾವು ಸಿಪ್ಪೆ ಬಿಡಿಸುತ್ತಿದ್ದವು. ಮೊರಕ್ಕೆ ಬೀಳುವ ಕಾಳಿನ ಸದ್ದು ಮಾತ್ರ ಕಡಿಮೆಯಾಯಿತು, ಒಂದೊಂದನ್ನೂ ಅವಳು ಈಗ ಮಲಗಿದ ಮಗುವನ್ನು ಇಳಿಸುವ ಹಾಗೆ ಮೆಲ್ಲಗೆ ಇಳಿಸುತ್ತಿದ್ದಳು. ಹನ್ನೊಂದು ಗಂಟೆ. ವಾರಗಿತ್ತಿ ಆಶಾರಾಣಿ ಫೋನನ್ನು ಕಿವಿಗೆ ಹಿಡಿಯುವವಳಲ್ಲ, ಸ್ಪೀಕರಿಗೆ ಹಾಕಿ ಒರಳಿನ ಮೇಲಿಟ್ಟುಕೊಂಡು ತಾನು ತಲೆ ಬಾಚುತ್ತಾ ಮಾತಾಡುವವಳು. ಹಾಗಾಗಿ ಆ ಹೆಂಗಸಿನ ದನಿ ಕೂಡ ಸ್ಪಷ್ಟವಾಗಿ ಬಂತು. ಅದೇ ದನಿ. ಆತುರವಿಲ್ಲದ, ಕೆಮ್ಮಿಲ್ಲದ, ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಕೂತವಳಂಥ ದನಿ. “ಆಶಾರಾಣಿಯವರೇ, ನಿನ್ನೆ ಮೊಣಕಾಲು ನೋವು ಅಂತ ಹೇಳಿದ್ದಿರಿ. ಇವತ್ತು ಹೇಗಿದೆ?” ನಿನ್ನೆ ಎಂಬ ಆ ಮಾತು ಮಂಚಮ್ಮನ ಎದೆಯಲ್ಲಿ, ಹೊಲಿಗೆ ಬಿದ್ದ ಜಾಗದಲ್ಲೇ, ಚುಚ್ಚಿತು. ನಿನ್ನೆ ಹೇಳಿದ್ದನ್ನು ಇವತ್ತಿಗೂ ನೆನಪಿಟ್ಟುಕೊಂಡು ಕೇಳುವವರು ಅವಳಿಗೆ ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ. “ಊ ಕಣವ್ವ, ಮೆಟ್ಲು ಅತ್ತಕ್ಕೆ ಆಯ್ತಿಲ್ಲ, ಇಂಗೇ ಇಡ್ಕತದೆ,” ಎಂದು ಆಚೆ ಕಡೆ ಆಶಾ ರಾಗ ತೆಗೆದಳು. ಯಾವ ಮೆಟ್ಟಿಲು? ಈ ಮನೆಗಿರುವುದೇ ಎರಡು ಮೆಟ್ಟಿಲು, ಅದೂ ಜಗಲಿಯದು. ನಿನ್ನೆ ಸಾಯಂಕಾಲ ಇದೇ ಕಾಲಲ್ಲಿ ಕರುವಿನ ಹಿಂದೆ ಓಡಲಿಲ್ಲವೇ?

ಮನೆ ಪಾಲಾದ ದಿನ ನಡುಮನೆಗೆ ಅಡ್ಡ ಗೋಡೆ ಎಬ್ಬಿಸಿದಾಗ ಹಿತ್ತಲ ಬಾವಿ, ಮುಂದಿನ ಜಗಲಿ ಎರಡನ್ನು ಮಾತ್ರ ಇಬ್ಬರಿಗೂ ಸೇರಿದ್ದು ಅಂತ ಬಿಟ್ಟಿದ್ದರು. ಅತ್ತೆಯ ಬೀರು ಆಶಾಳಿಗೆ ಹೋಯಿತು, ಒನಕೆ ಇವಳಿಗೆ ಬಂತು. ಆಗ ಮಂಚಮ್ಮನಿಗೆ ಅಷ್ಟೇನೂ ಅನ್ನಿಸಲಿಲ್ಲ. ನಾಲ್ಕು ವರ್ಷದ ಹಿಂದೆ ಎಡ ಎದೆಯಲ್ಲಿ ಗಂಟು ಸಿಕ್ಕಿ, ಮೈಸೂರಿನಲ್ಲಿ ಅದನ್ನು ತೆಗೆದು, ತಲೆಗೂದಲೆಲ್ಲ ಉದುರಿ, ಒಂದು ವರ್ಷ ಕಳೆದು ಅವಳು ದೇವನೂರಿನಲ್ಲಿ ಬಸ್ಸಿಳಿದಾಗ ಊರೇ ಅವಳನ್ನು ನೋಡಿತ್ತು. ಮಂಚಮ್ಮ ಗೆದ್ದು ಬಂದವಳು. ಮದುವೆಮನೆಗಳಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟು ಕೊಡುತ್ತಿದ್ದರು, ಯಾರಿಗಾದರೂ ಮೈಯಲ್ಲಿ ಎಲ್ಲಾದರೂ ಗಟ್ಟಿಯಾದರೆ ಹಿತ್ತಲಿನಿಂದ ಬಂದು ಅವಳ ಹತ್ತಿರ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಬದುಕಿನಲ್ಲಿ ಅವಳೊಬ್ಬಳದೇ ಅಂತ ಇದ್ದದ್ದು ಅದೊಂದೇ. ಒಂದು ವರ್ಷ ಕಳೆಯಿತೋ ಇಲ್ಲವೋ, ಆಶಾಳ ಬಲಗಡೆ ಗಂಟು ಕಂಡಿತು. ಮೈದುನ ಕುಮಾರ ಜಗಲಿಯ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುವಾಗ ಮಂಚಮ್ಮನೂ ಅತ್ತಿದ್ದಳು, ನಿಜವಾಗಿಯೇ ಅತ್ತಿದ್ದಳು. ಆದರೆ ಅಳುವಿನ ಅಡಿಯಲ್ಲಿ, ಪಾತ್ರೆಯ ತಳಕ್ಕೆ ಸೀದು ಹಿಡಿದ ಹಾಗೆ, ಒಂದು ಮಾತು ಅಂಟಿಕೊಂಡಿತ್ತು: ಇದರಲ್ಲೂ ಪಾಲು ಕೇಳಿದಳಲ್ಲ. ಆ ಮಾತನ್ನು ಉಜ್ಜಿ ಉಜ್ಜಿ ತೊಳೆಯಲು ಆಸ್ಪತ್ರೆಯಲ್ಲಿ ಆಶಾಳಿಗೆ ಕೊಟ್ಟ ಇಪ್ಪತ್ತೈದು ದಿನದ ಕರೆಂಟಿಗೂ, ಅಂದರೆ ರೇಡಿಯೇಷನ್ನಿಗೂ, ಅವಳೇ ಜೊತೆ ಹೋದಳು, ಬಸ್ಸಿನಲ್ಲಿ ವಾಂತಿ ಬಂದರೆ ತನ್ನ ಸೆರಗಿನಲ್ಲೇ ಒರೆಸಿದಳು. ನೋಡಿದವರು, “ತಾಯಿ ಮಾಡಲ್ಲ ಕಣವ್ವ, ವಾರಗಿತ್ತಿ ಮಾಡ್ತಾವಳೆ,” ಎಂದರು. ಅದೂ ಅವಳಿಗೆ ಬೇಕಾಗಿತ್ತು.

ಆಮೇಲೆ ಈ ಫೋನು ಬಂತು. ಹೋದ ವರ್ಷ ನಂಜನಗೂಡಿನ ಒಂದು ಛತ್ರದ ಊಟದ ಹಾಲಿನಲ್ಲಿ, ಈ ಕಾಯಿಲೆ ದಾಟಿ ಬಂದವರನ್ನೆಲ್ಲ ಕೂರಿಸಿ, ನರಸೀಪುರದ ಕಡೆಯ ಮಾನಸ ಅನ್ನುವ ನರ್ಸಮ್ಮ ಒಬ್ಬೊಬ್ಬರ ಫೋನಿಗೂ ತಾನಾಗಿಯೇ ಮಾತಾಡುವ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ದಿನಾ ನಿಮಗೆ ಬಿಡುವಾದ ಹೊತ್ತಿಗೆ ಒಂದು ದನಿ ಕರೆಯುತ್ತದೆ, ನಿಮ್ಮ ಮೈ ಹೇಗಿದೆ ಅಂತ ಕೇಳುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಊಟ, ಮಾತ್ರೆ, ಕೈಕಾಲಿನ ಕಸರತ್ತು ಎಲ್ಲ ನಿಮಗೆ ಬೇಕಾದ ಹಾಗೆ ಹೇಳಿಕೊಡುತ್ತದೆ, ಎಲ್ಲರಿಗೂ ಒಂದೇ ಅಲ್ಲ, ನಿಮಗೆ ನಿಮ್ಮದು. ನಿಮಗೆ ನಿಮ್ಮದು ಎಂಬ ಮಾತು ಕೇಳಿ ಮಂಚಮ್ಮ, ಹೊಸ ಸೀರೆ ಮುಟ್ಟಿದವಳ ಹಾಗೆ ಫೋನಿನ ಗಾಜನ್ನು ಬೆರಳಿನಿಂದ ಸವರಿದ್ದಳು. ಅದು ನರಸೀಪುರಕ್ಕೆ ಕೊಟ್ಟ ಮಗಳು ಶೃತಿ ಹೊಸದು ಕೊಂಡಾಗ ಬಿಟ್ಟುಹೋಗಿದ್ದ ಹಳೇ ಫೋನು. ಇಬ್ಬರೂ ಹನ್ನೊಂದು ಗಂಟೆ ಅಂತಲೇ ಬರೆಸಿದರು. ಮೊದಲ ದಿನ ಆ ದನಿ, “ಮಂಚಮ್ಮನವರೇ, ಹೇಗಿದ್ದೀರಿ?” ಎಂದಾಗ ಅವಳು ಸೆರಗು ಹೊದ್ದು ಸರಿಯಾಗಿ ಕೂತು, “ಚೆನ್ನಾಗಿವ್ನಿ ಕಣವ್ವ,” ಎಂದಳು. ನೋವಿದೆಯೇ? ಇಲ್ಲ. ನಿದ್ದೆ ಬರುತ್ತಿದೆಯೇ? ಓ, ಚೆನ್ನಾಗಿ. ಕೈ ಊದಿದೆಯೇ? ಏನಿಲ್ಲ. ಬೇರೆ ಏನು ಹೇಳುತ್ತಾರೆ? ಬಾಗಿಲಿಗೆ ಬಂದವರು ಚೆನ್ನಾಗಿದ್ದೀರಾ ಅಂದರೆ ಚೆನ್ನಾಗಿದ್ದೀವಿ ಅನ್ನಬೇಕು, ಮನೆಯೊಳಗೆ ಹೆಣ ಇದ್ದರೂ ಮೊದಲು ಅದನ್ನೇ ಅಂದು ನೀರು ಕೊಡಬೇಕು ಎಂದು ಅತ್ತೆ ಕಲಿಸಿದ್ದಳು. ಬಂದವರ ಮುಂದೆ ಮೈಯ ನೋವು ಹರಡುವುದು ಒಗೆಯದ ಬಟ್ಟೆ ಹರಡಿದ ಹಾಗೆ. ಆಶಾಳಿಗೂ ಅತ್ತೆ ಇದನ್ನೇ ಕಲಿಸಿದ್ದಳು, ಕಲಿತಿರಲಿಲ್ಲ ಅಷ್ಟೆ.

ಮೊದಲ ತಿಂಗಳು ಆ ದನಿ ದಿನಾ ಬಂತು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಆಮೇಲೆ ಸೋಮವಾರಕ್ಕೆ ಒಂದು ಸಲ. ತಾನೇನು ತಪ್ಪು ಆಡಿದೆ ಎಂದು ಅವಳಿಗೆ ತಿಳಿಯಲಿಲ್ಲ. ಇನ್ನೂ ಮರ್ಯಾದೆಯಾಗಿ, ಇನ್ನೂ ನಗುನಗುತ್ತಾ ಹೇಳಿದಳು: ಬೋ ಚೆನ್ನಾಗಿವ್ನಿ, ಏನೂ ತೊಂದರೆ ಇಲ್ಲ, ನೀವು ಉಂಡ್ರಾ? ದನಿ ಇನ್ನೂ ದೂರ ಹೋಯಿತು. ಈಗ ಮೂರು ತಿಂಗಳಿಂದ ಬರೀ ಚಿತ್ರ ಬರುತ್ತದೆ. ಬಿಳಿ ಬಟ್ಟಲಲ್ಲಿ ಗಂಜಿಯಂಥದ್ದು, ಪಕ್ಕದಲ್ಲಿ ಯಾರೋ ಬಿಳಿ ಕೂದಲಿನ ಹೆಂಗಸು ಬಿಳಿ ಬೂಟು ಹಾಕಿಕೊಂಡು ಓಡುತ್ತಿರುತ್ತಾಳೆ. ಕೆಳಗೆ, ‘ಓಟ್ಸ್ ತಿನ್ನಿ, ನಡೆಯಿರಿ, ಸಂತೋಷವಾಗಿರಿ.’ ಆಶಾಳಿಗಾದರೆ ಅದೇ ದನಿ, “ಬಸ್ಸಾರಿನ ಸೊಪ್ಪು ಬಸಿದ ನೀರು ಚೆಲ್ಲಬೇಡಿ, ಮುದ್ದೆ ರಾತ್ರಿ ಅರ್ಧ ಸಾಕು,” ಎನ್ನುತ್ತದೆ. ಆಶಾ ಬಸ್ಸಾರು ಮಾಡುತ್ತಾಳೆ ಅಂತ ಅದಕ್ಕೆ ಗೊತ್ತು. ಬಸ್ಸಾರು ಮಾಡುವುದನ್ನು ಆಶಾಳಿಗೆ ಕಲಿಸಿದವಳು ಯಾರು ಎಂಬುದು ಮಾತ್ರ ಗೊತ್ತಿಲ್ಲ.

ಕೊನೆಯ ಕಾಳು ಸುಲಿದು ಮೊರ ಎತ್ತುವಾಗ ಎಡಗೈ ಒಪ್ಪಲಿಲ್ಲ. ತುಂಬಿದ ಕೊಡ ಕಟ್ಟಿದ ಹಾಗೆ ಭುಜದಿಂದ ಜಗ್ಗಿತು. ಗೌರಿ ಹಬ್ಬಕ್ಕೆ ತೊಟ್ಟ ಹಸಿರು ಗಾಜಿನ ಬಳೆಗಳು ಮುಂಗೈಯೊಳಗೆ ಕೂತುಬಿಟ್ಟಿದ್ದವು, ಕಬ್ಬಿನ ಗೆಣ್ಣಿನ ಹಾಗೆ ಅವುಗಳ ಆ ಕಡೆ ಈ ಕಡೆ ಮಾಂಸ ಉಬ್ಬಿತ್ತು. ಆಪರೇಷನ್ ಆದ ಕಡೆಯ ಕೈಗೆ ಬಳೆ ತೊಡಬೇಡಿ, ಸೂಜಿ ಚುಚ್ಚಿಸಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಆಯ್ತು ಎಂದಿದ್ದಳು. ಆಶಾ ತನಗೆ ಹೇಳಿದ ದಿನವೇ ಬಲಗೈ ಬರಿದು ಮಾಡಿ, ಎಡಗೈಗೆ ಡಜನ್ ಬಳೆ ಏರಿಸಿಕೊಂಡು ಝಲ್ ಅನ್ನಿಸಿಕೊಂಡು ಓಡಾಡಿದಳು. ಮಂಚಮ್ಮನ ಕೈಯಲ್ಲಿ ಆಗಲಿಲ್ಲ. ಎದೆ ಒಂದು ಕಡೆ ಬರಿದು, ಕೈಯೂ ಒಂದು ಕಡೆ ಬರಿದಾದರೆ ಗಂಡ ಬದುಕಿರುವ ಹೆಂಗಸು ಅಂತ ತೋರಿಸಲು ಆ ಕಡೆ ಇನ್ನೇನಿದೆ? ಊತ ಕಂಡ ಮೇಲೆ ಗಂಡ ಮಹಾದೇವಸ್ವಾಮಿಗೂ ಹೇಳಲಿಲ್ಲ. ಹೇಳಿದರೆ ಗೆದ್ದು ಬಂದವಳು ಸೋತಳು ಅಂತಾಗುತ್ತಿತ್ತು. ಸೆರಗನ್ನು ಎಡಗೈ ಮೇಲೆ ಇಳಿಬಿಡುವುದನ್ನು ಕಲಿತಳು, ಊರಿನವರು ಚಳಿ ಅಂದುಕೊಂಡರು. ಹೋದ ವಾರ ಸೊಸೈಟಿಯಲ್ಲಿ ಅಕ್ಕಿಗೆ ಹೆಬ್ಬೆಟ್ಟು ಒತ್ತಲು ಹೋದಾಗ ಮಿಷನ್ನು ಮೂರು ಸಲ ಕೆಂಪು ದೀಪ ತೋರಿಸಿತು. ಕಾಯಿಲೆಗೆ ಕೊಟ್ಟ ಔಷಧಿಗಳು ಬೆರಳಿನ ಗೆರೆಯನ್ನೂ ಸವೆಸಿದ್ದವು. “ನಿನ್ ಗೆರೆಯೆಲ್ಲ ಅಳಿಸೋಗವೆ ಕಣಕ್ಕ,” ಎಂದು ಅಕ್ಕಿ ಅಳೆಯುವ ಸಿದ್ದಮಲ್ಲಪ್ಪ ನಕ್ಕಿದ್ದ, “ಮಿಷನ್ನು ಯಾರವ್ವ ನೀನು ಅಂತದೆ. ಏನ್ ಏಳ್ಲಿ?” ಹಿಂದೆ ನಿಂತವರೂ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ನುಣ್ಣಗೆ, ಅವರೆಕಾಳಿನ ಹಾಗೆ.

ಅವರೆಕಾಯಿ ಸುಲಿದ ಮಾರನೆಯ ದಿನ ಸೊಸೈಟಿಗೆ ಹೋಗುವ ಸರದಿ ಆಶಾಳದು. “ಅಕ್ಕ, ಫೋನು ಚಾರ್ಜಿಗೆ ಆಕಿವ್ನಿ, ವಸಿ ನೋಡ್ಕತಿರು,” ಎಂದು ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ, ಚೀಲ ಕಂಕುಳಿಗೆ ಇಟ್ಟುಕೊಂಡು ಹೋದಳು. ನೋಡಿಕೊಳ್ಳುವುದು ಎಂದರೆ ಏನು ಅಂತ ಅವಳು ಹೇಳಲಿಲ್ಲ. ಮಂಚಮ್ಮ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಲೇ ಕೂತಳು. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಯಿತು. ಎದುರು ಮನೆಯ ಕೋಳಿ ಜಗಲಿ ಹತ್ತಿ ಇಳಿಯಿತು. ಹನ್ನೊಂದಾಯಿತು, ಫೋನು ಹಾಡಿಕೊಂಡಿತು. ಮೂರನೆಯ ಸಲ ಹಾಡುವಷ್ಟರಲ್ಲಿ ಅವಳ ಬಲಗೈ ಅದನ್ನು ಎತ್ತಿಕೊಂಡಿತ್ತು, ಅವಳು ಎತ್ತಲಿಲ್ಲ, ಕೈ ಎತ್ತಿತು. “ಆಶಾರಾಣಿಯವರೇ, ಹೇಗಿದ್ದೀರಿ?” ಅವಳ ನಾಲಗೆ ಚೆನ್ನಾಗಿ ಎಂಬ ಮಾತಿಗೆ ಎದ್ದು ನಿಂತಿತು. ಆದರೆ ಕೇಳಿದ್ದು ಮಂಚಮ್ಮನನ್ನಲ್ಲವಲ್ಲ. ಆಶಾರಾಣಿ ಹೇಗಿದ್ದಾಳೆ ಅಂತ ಕೇಳಿದ್ದು. ಆಶಾರಾಣಿಗೆ ಮರ್ಯಾದೆ ಯಾಕೆ? “ಚೆನ್ನಾಗಿಲ್ಲ,” ಎಂದಳು. ಎಷ್ಟು ಸುಲಭವಾಗಿತ್ತು! ಹಗ್ಗ ಬಿಚ್ಚಿದ ಕರುವಿನ ಹಾಗೆ ಮಾತು ಹೊರಟಿತು. ಎಲ್ಲಿ ನೋವು? ಕೈಯಿ. ಯಾವ ಕೈ? ಎಡಗೈ. ಊದಿದೆಯೇ? ಊದ್ಕಂಡದೆ ಕಣವ್ವ, ದಿಮ್ಮಿ ಆಗೋಗದೆ. ಯಾವಾಗಿನಿಂದ? ಗೌರಿ ಹಬ್ಬದಿಂದ, ಹಬ್ಬಕ್ಕೆ ತೊಟ್ಟ ಬಳೆ ಇಳೀತಿಲ್ಲ, ರಾತ್ರಿ ಮಗ್ಗುಲಾದರೆ ಬೆಂಕಿ ಬಿದ್ದಂಗೆ ಆಯ್ತದೆ, ಯಾರ್ಗೂ ಏಳಿಲ್ಲ, ಗಂಡನಿಗೂ ಏಳಿಲ್ಲ. ದನಿ ನಡುವೆ ಬಾಯಿ ಹಾಕಲಿಲ್ಲ. ಅವಳು ಮುಗಿಸಿದ ಮೇಲೆ, “ನೀವು ಹೇಳಿದ್ದನ್ನು ಬರೆದುಕೊಂಡಿದ್ದೇನೆ,” ಎಂದಿತು. ಮಂಚಮ್ಮ ಫೋನನ್ನು ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಇಟ್ಟು, ಒಳಗೆ ಹೋಗಿ, ಒಂದು ಚೊಂಬು ನೀರು ಕುಡಿದಳು. ಸಾರಿಗೆ ಒಗ್ಗರಣೆ ಹಾಕುವಾಗ ಏನನ್ನೋ ಗುನುಗುತ್ತಿದ್ದೇನೆ ಎಂಬುದು ತಿಳಿದು ನಾಚಿಕೆಯಾಯಿತು. ಬರೆದುಕೊಂಡಿದ್ದಾಳೆ. ನಾಳೆ ಕೇಳುತ್ತಾಳೆ. ಯಾರ ಹೆಸರಿನಲ್ಲಾದರೂ ಆಗಲಿ.

ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆ ಕಡೆ ಸದ್ದಡಗಿತ್ತು. ಆಮೇಲೆ ಕುಮಾರ ಜಗಲಿಗೆ ಬಂದು ಅಣ್ಣನನ್ನು ಕೂಗಿದ. ಹೆಂಡತಿಯ ಫೋನಿನಲ್ಲಿ ಬಂದಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದ: ಎಡಗೈಗೆ ಭಾರ ಹಾಕಬೇಡಿ, ಈ ವಾರದ ಕಸರತ್ತು ನಿಲ್ಲಿಸಿ, ನಾಳೆ ಬೆಳಿಗ್ಗೆ ಮಾನಸ ನಿಮ್ಮ ಮನೆಗೆ ಬರುತ್ತಾರೆ. “ಇವ್ಳಿಗೆ ಆಪರೇಸನ್ ಆಗಿರದು ಬಲಗಡೆ ಅಲ್ವಣ್ಣ? ಎಡಗೈ ಅಂತದಲ್ಲ ಇದು?” ಆಶಾ ಬಾಗಿಲಿಗೆ ಆನಿಕೊಂಡು ನಿಂತಿದ್ದಳು. ಬಲಗೈ ಎಡ ಕಂಕುಳಲ್ಲಿತ್ತು, ಬೆರಳುಗಳು ಏನನ್ನೋ ಹುಡುಕುತ್ತಿದ್ದವು. “ಅದ್ಕೆ ಗೊತ್ತಾಗೋಗದೆ ಕಣಕ್ಕ,” ಎಂದಳು. ರಾಗ ಇರಲಿಲ್ಲ. “ನಾನು ಏಳದೆ ಇದ್ರೂವೆ ಅದ್ಕೆ ಗೊತ್ತಾಗೋಗದೆ. ಈ ಕಡೀಕೂ ಬಂದದೆ.” ಮಂಚಮ್ಮನ ಬಾಯಿ ತೆರೆಯಿತು. ಅಷ್ಟರಲ್ಲಿ ಕುಮಾರ ಹೆಂಡತಿಯ ಹತ್ತಿರ ಹೋಗಿ, ಅಣ್ಣನ ಎದುರೇ, ಬೀದಿಗೆ ಕಾಣುವ ಹಾಗೆಯೇ, ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದುಕೊಂಡು ಕೋಳಿಮರಿಯನ್ನು ಸವರುವ ಹಾಗೆ ಸವರಿದ. ಏನೂ ಆಗಿಲ್ಲದ, ಸಣ್ಣಗೆ ಉದ್ದಕ್ಕಿದ್ದ ಆ ಕೈಯನ್ನು. ಮಹಾದೇವಸ್ವಾಮಿ ಕೂಡ ತುದಿಗಾಲಲ್ಲಿ ಕೂತು, “ಎದರ್ಕಬ್ಯಾಡ ಕಣವ್ವ, ನಾವೆಲ್ಲ ಇಲ್ವಾ,” ಎಂದ. ಈ ಮನುಷ್ಯನಿಗೆ ಇಷ್ಟು ಮೆತ್ತಗೆ ಮಾತಾಡಲು ಬರುತ್ತದೆಯೇ? ಮಂಚಮ್ಮನ ತೆರೆದ ಬಾಯಿ ಮುಚ್ಚಿತು. ನಾಳೆ ನರ್ಸಮ್ಮ ಬಂದು ನೋಡಿದರೆ ಗೊತ್ತಾಗುತ್ತದೆ, ಒಂದು ರಾತ್ರಿ ತಾನೇ ಎಂದುಕೊಂಡಳು. “ಅವ್ಳು ಒಲೆ ಅಚ್ಚದು ಬ್ಯಾಡ, ಎರಡು ಮನೆಗೂ ನೀನೇ ಮಾಡ್ಬುಡು,” ಎಂದು ಗಂಡ ಹೇಳಿದ. ಎರಡು ಮನೆಗೂ ಆಗುವಷ್ಟು ಮುದ್ದೆಯನ್ನು, ಪಾತ್ರೆ ಅಲುಗದ ಹಾಗೆ ಕಾಲಿನಲ್ಲಿ ಕವೆಗೋಲು ಒತ್ತಿ ಹಿಡಿದು, ಊದಿದ ಕೈಯನ್ನೂ ಹಚ್ಚಿ ತೊಳಸಿದಳು. ಪ್ರತಿ ಸುತ್ತಿಗೂ ಬಳೆ ಕೊರೆಯಿತು. ಕೊರೆಯಲಿ ಎಂದುಕೊಂಡಳು, ಆದರೆ ಅದು ಪಶ್ಚಾತ್ತಾಪಕ್ಕೋ ಹೊಟ್ಟೆಯುರಿಗೋ ಅವಳಿಗೇ ತಿಳಿಯಲಿಲ್ಲ. ಆಶಾ ಒಂದು ತುತ್ತೂ ಮುರಿಯಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಮಾನಸಳ ಸ್ಕೂಟಿ ಬಂತು. ಬನ್ನೂರಿನ ಕಡೆಯಿಂದ ಮಂಜಿನಲ್ಲಿ ಬಂದಿದ್ದಳು, ಮುಖಕ್ಕೆ ಸುತ್ತಿದ್ದ ವೇಲು ಬಿಚ್ಚುತ್ತಲೇ ಕೈ ನೋಡಲು ಶುರುಮಾಡಿದಳು. ದರ್ಜಿಯವನ ಟೇಪಿನಂಥದ್ದನ್ನು ಆಶಾಳ ಬಲಗೈಗೆ ಸುತ್ತಿದಳು, ಎಡಗೈಗೆ ಸುತ್ತಿದಳು, ಮತ್ತೆ ಬಲಗೈ. ಕಂಕುಳು ಮುಟ್ಟಿದಳು, ಕತ್ತು ಮುಟ್ಟಿದಳು. ಹುಬ್ಬು ಗಂಟಾಯಿತು. “ಎರಡೂ ಒಂದೇ ಇದೆ. ಏನೂ ಇಲ್ಲ. ಎಲ್ಲಿ ಆಂಟಿ ಊತ? ಎಡಗೈ ದಿಮ್ಮಿ ಆಗಿದೆ ಅಂತ ಹೇಳಿದ್ರಲ್ಲ? ಗೌರಿ ಹಬ್ಬದ ಬಳೆ ಇಳೀತಿಲ್ಲ ಅಂತ?” ಆಶಾ, “ನಾನೆಲ್ಲಿ…” ಎಂದು ಶುರುಮಾಡಿ ನಿಂತಳು. ಹೋದ ಗೌರಿ ಹಬ್ಬಕ್ಕೆ ಅವಳು ತವರಿನಲ್ಲಿದ್ದಳು. ಬಳೆಗಾರ ಈ ಜಗಲಿಯಲ್ಲಿ ಕೂತು ಬಳೆ ತೊಡಿಸಿದ್ದು ಒಬ್ಬಳಿಗೇ. ಅವಳ ಕಣ್ಣು ನಿಧಾನವಾಗಿ ತಿರುಗಿ ಕಂಬದ ಹತ್ತಿರ ಬಂದು, ಮಂಚಮ್ಮನ ಸೆರಗಿನ ಮೇಲೆ, ಸೆರಗಿನ ಅಡಿಯ ಕೈಯ ಮೇಲೆ ಕೂತಿತು. ಮಂಚಮ್ಮನಿಗೆ ಸೆರಗು ಗಾಜಾದ ಹಾಗಾಯಿತು. ಈಗ ಕೂಗುತ್ತಾಳೆ, ಬೀದಿ ಸೇರಿಸುತ್ತಾಳೆ, ಸೇರಿಸಲಿ ಎಂದು ಅವಳು ಕಾದಳು. ಆಶಾ ಮಾನಸಳ ಕಡೆ ತಿರುಗಿ, “ಊ ಕಣ್ ಮೇಡಂ, ನಾನೇ ಅಂದಿದ್ದು. ಏನೋ ಮಂಕಲ್ಲಿ ಒದರ್ಬುಟ್ಟೆ,” ಎಂದಳು.

ಕೂಗಿದ್ದರೆ ಮಂಚಮ್ಮ ತಡೆದುಕೊಳ್ಳುತ್ತಿದ್ದಳು. ಬೀರು ತಗೊಂಡಳು, ಕಾಯಿಲೆಯಲ್ಲಿ ಪಾಲು ತಗೊಂಡಳು, ಹನ್ನೊಂದು ಗಂಟೆಯನ್ನು ಪೂರ್ತಿ ತಗೊಂಡಳು, ನಿನ್ನೆ ಗಂಡಸರಿಬ್ಬರ ಕನಿಕರ ತಗೊಂಡಳು. ಈಗ ಒಳ್ಳೆಯತನವನ್ನೂ ಅವಳೇ ತಗೊಂಡು, ಇವಳ ಊತವನ್ನು, ಮೂರು ತಿಂಗಳು ಸೆರಗಿನಲ್ಲಿ ಮುಚ್ಚಿ ಸಾಕಿದ ನೋವನ್ನು ನನ್ನದು ಅನ್ನುತ್ತಿದ್ದಾಳೆ. “ಅವಳ್ದಲ್ಲ ಅದು!” ಮಂಚಮ್ಮನ ದನಿ ಎಷ್ಟು ಜೋರಾಗಿತ್ತೆಂದರೆ ಎದುರು ಮನೆಯ ಕೋಳಿ ಬೆದರಿತು. “ನಂದು. ಅದು ನಂದು.” ಸೆರಗು ಸರಿಸಿ ಕೈಯನ್ನು ಮಾನಸಳ ಮುಂದೆ, ಪಂಚಾಯ್ತಿಯಲ್ಲಿ ಪತ್ರ ಒಗೆಯುವವರ ಹಾಗೆ, ಜಗಲಿಯ ಮೇಲೆ ಹಾಕಿದಳು.

ಮಾನಸ ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಟೇಪು ಸುತ್ತಿದಳು. ನಾಲ್ಕು ಸೆಂಟಿಮೀಟರ್ ಜಾಸ್ತಿ ಎಂದಳು, ಮಾಂಸವನ್ನು ಹೆಬ್ಬೆರಳಿನಿಂದ ಒತ್ತಿದಳು, ಗುಳಿ ಬಿದ್ದದ್ದು ಮೇಲೆ ಬರಲು ಎಷ್ಟೋ ಹೊತ್ತಾಯಿತು. ಆಮೇಲೆ ಮಂಚಮ್ಮನ ಫೋನು ಇಸಕೊಂಡು ಹಿಂದಕ್ಕೆ ಹಿಂದಕ್ಕೆ ತಳ್ಳಿ ನೋಡಿದಳು. “ಇಲ್ಲೆಲ್ಲ ಹಸಿರು ಇದೆ ನೋಡಿ ಅಮ್ಮ. ವರ್ಷಪೂರ್ತಿ ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ. ಅದು ನಿಮ್ಮ ಮಾತು ನಂಬುತ್ತೆ ಅಮ್ಮ. ಚೆನ್ನಾಗಿರೋರಿಗೆ ಯಾಕೆ ತೊಂದರೆ ಕೊಡೋದು ಅಂತ ದೂರ ಹೋಗುತ್ತೆ. ಮುಖ ನೋಡಿ ತಿಳ್ಕೊಳ್ಳೋಕೆ ಅದಕ್ಕೆ ಕಣ್ಣಿಲ್ಲ. ನಾನಾದ್ರೂ ಬಂದು ನೋಡಬೇಕಾಗಿತ್ತು, ಹಸಿರು ಅಂತ ನಾನೂ ಬಿಟ್ಟೆ.” ಹಾಗಾದರೆ ತನ್ನನ್ನು ಬಿಟ್ಟು ಹೋದದ್ದಲ್ಲ. ಪ್ರತಿ ಸಲ ಬಾಗಿಲಿಗೆ ಬಂದಾಗಲೂ ತಾನೇ ನಗುನಗುತ್ತಾ ಕಳಿಸಿಕೊಟ್ಟದ್ದು. ಮಂಚಮ್ಮನಿಗೆ ಅದು ಸಮಾಧಾನವಾಗಲಿಲ್ಲ, ಇನ್ನೊಂದು ಅವಮಾನವಾಯಿತು. ಬಳೆ ಮೊದಲು ತೆಗೀಬೇಕು, ಸೋಮವಾರ ಮೈಸೂರಿನಲ್ಲಿ ಡಾಕ್ಟರು ನೋಡಲಿ, ಊತ ಯಾತಕ್ಕೆ ಅಂತ ನೋಡದೆ ಹೇಳಕ್ಕಾಗಲ್ಲ ಎಂದಳು ಮಾನಸ. ಯಾತಕ್ಕೆ ಎಂಬ ಮಾತು ಬಿದ್ದಾಗ ಮಹಾದೇವಸ್ವಾಮಿ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಹತ್ತಿರ ಬರಲಿಲ್ಲ. ಆದರೆ ಹೋಗಲೂ ಇಲ್ಲ.

ಆಶಾ ಒಳಗೆ ಹೋಗಿ ಬಟ್ಟಲಲ್ಲಿ ಸೋಪಿನ ನೀರು ತಂದು ಮಂಚಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. ಕಣ್ಣು ಊದಿದ್ದವು. “ರಾತ್ರಿಯೆಲ್ಲ ಸತ್ತೋಗಿದ್ದೆ ಕಣಕ್ಕ ನಾನು,” ಎಂದಳು, ಬಳೆಗೆ ನೊರೆ ಸವರುತ್ತಾ. “ಈ ಕಡೀದೂ ಕುಯ್ದ್ಬುಡ್ತಾರೆ, ನನ್ ಗಂಡ ನನ್ನ ಇನ್ಯಾತಕ್ಕೆ ಮಡಿಕ್ಕಂಡಾನು ಅಂತ. ಗೋಡೆ ಆ ಕಡೆ ನೀನು ಗೊರಕೆ ವಡೀತಿದ್ದೆ.” “ನಾನು ಮಲಗಿರ್ಲಿಲ್ಲ ಕಣೆ.” “ಇನ್ನೂ ವಾಸಿ!” ಎಂದು ಮೊದಲನೆಯ ಬಳೆಯನ್ನು ಒಂದೇ ಸಲಕ್ಕೆ ಎಳೆದಳು. ಹೆಬ್ಬೆರಳಿನ ಬುಡದ ಚರ್ಮ ತರಚಿತು. “ಮೆತ್ತಗೆ ಕಣೆ ಮುಂಡೇದೆ, ನೋಯ್ತದೆ.” “ನೋಯ್ಲಿ. ನಿಂದೇ ಅಲ್ವಾ ನೋವು, ಇಟ್ಕೊ.” ಮಾನಸ ನಗಬೇಕೋ ಬೇಡವೋ ತಿಳಿಯದೆ ಚೀಲ ಮುಚ್ಚಿದಳು. ಆರು ಬಳೆ ಇಳಿಯುವ ಹೊತ್ತಿಗೆ ಇಬ್ಬರೂ ಬೆವೆತಿದ್ದರು. ಒಂದೂ ಒಡೆಯಲಿಲ್ಲ. ಆಶಾ ಅವನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮಂಚಮ್ಮನ ಬಲಗೈಗೆ, ಅಲ್ಲಿದ್ದ ಬಳೆಗಳ ಜೊತೆಗೆ ಏರಿಸಿದಳು. ಎಡಗೈ ಬರಿದಾಗಿ, ಬಿಳಿಚಿಕೊಂಡು, ಆರು ಕೆಂಪು ಗೆರೆ ಹೊತ್ತು, ಮಡಿಲಲ್ಲಿ ಬಿದ್ದಿತ್ತು. ಗೆರೆ ಇಲ್ಲದ ಹೆಬ್ಬೆರಳಿನಿಂದ ಮಂಚಮ್ಮ ಆ ಗೆರೆಗಳನ್ನು ಸವರಿಕೊಂಡಳು.

ಮರುದಿನ ಹನ್ನೊಂದು ಗಂಟೆಗೆ ಎರಡು ಫೋನೂ ಒಟ್ಟಿಗೆ ಹಾಡಿಕೊಂಡವು. ಮಂಚಮ್ಮ ಸೆರಗು ಹೊದ್ದು ಸರಿಯಾಗಿ ಕೂತಳು. ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು, ಡಾಕ್ಟರು ಏನನ್ನುತ್ತಾರೋ ಎಂಬ ಭಯವಿತ್ತು. “ಮಂಚಮ್ಮನವರೇ, ನಿನ್ನೆ ನಿಮ್ಮ ಎಡಗೈಯ ಬಳೆ ತೆಗೆದಿದ್ದಾರೆ. ಇವತ್ತು ಹೇಗಿದೆ?” ಗೋಡೆಯ ಆ ಕಡೆ ಆಶಾಳ ಬಾಚಣಿಗೆಯ ಸದ್ದು ನಿಂತಿತು. ಕೇಳಿಸಿಕೊಳ್ಳುತ್ತಿದ್ದಾಳೆ. ನಾಲಗೆಯ ತುದಿಗೆ ಬಂದು ನಿಂತಿದ್ದ ‘ಚೆನ್ನಾಗಿ’ಯನ್ನು ನುಂಗಿ, ಮಂಚಮ್ಮ ಗೋಡೆಗೂ ಕೇಳುವಷ್ಟು ಗಟ್ಟಿಯಾಗಿ, “ಚೆನ್ನಾಗಿಲ್ಲ ಕಣವ್ವ,” ಎಂದಳು, “ಚೂರೂ ಚೆನ್ನಾಗಿಲ್ಲ.” ಆಮೇಲೆ ಕೈಯಿಂದ ಶುರುಮಾಡಿ ನಿದ್ದೆಗೆ ಬಂದು, ನಿದ್ದೆಯಿಂದ ಭಯಕ್ಕೆ ಬಂದು, ಸೊಸೈಟಿಯ ಮಿಷನ್ನು ತನ್ನನ್ನು ಯಾರು ಅಂದದ್ದನ್ನೂ ಹೇಳಿದಳು, ಅದನ್ನು ಯಾರೂ ಕೇಳಿರಲಿಲ್ಲ. ದನಿ ಬರೆದುಕೊಳ್ಳುತ್ತಾ ಹೋಯಿತು. ನಡುವೆ ಒಂದು ಸಲ ಅವಳು ಉಸಿರು ಹಿಡಿದು ಆಲಿಸಿದಳು. ಗೋಡೆಯ ಆ ಕಡೆ ಆಶಾಳ ಫೋನು ಆಗಲೇ ಮುಗಿದುಹೋಗಿತ್ತು. ಇವಳದು ಇನ್ನೂ ಮಾತಾಡುತ್ತಿತ್ತು.